ಬಾತುಕೋಳಿ ತುಪ್ಪುಳದ ರಜಾಯಿ

ಅಂಜನಾಪುರ
ಜನವರಿ ೨೪, ೨೦೨೫

ತಂಗಿ ಶ್ರೀಲತಾಳಿಗೆ ಅಕ್ಕ ವರದಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಸೊರಬದಲ್ಲಿ ನೀನು, ಪ್ರದೀಪ್ ಅವರು, ಮಗಳು ದಿವ್ಯ ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ರಜಾಯಿ ತಲುಪಿತೆಂದು ಬರೆಯಲು ತಿಂಗಳು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದೂ ಕೇಳಬೇಡ. ಇಲ್ಲಿ ಅವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ, ಅಲ್ಲಿ ನಾನು ಮಾತು ತೆಗೆಯುವಷ್ಟರಲ್ಲಿ ನಿನ್ನ ಕುಕ್ಕರ್ ಕೂಗುತ್ತದೆ.

ದೀಪಾವಳಿ ಕಳೆದ ಮೇಲೆ ಆರು ತಿಂಗಳು ಅವ್ವ ನಿನ್ನ ಮನೆಯಲ್ಲಿರುವುದು ಎಂದು ಮಾತಾಗಿತ್ತು. ಅವ್ವ ನಾಲ್ಕು ಸೀರೆ ಮಡಚಿಟ್ಟುಕೊಂಡು ಕಾದಳು. ನೀನು ಬರಲಿಲ್ಲ, ರಜಾಯಿ ಬಂತು. ಜೊತೆಗೆ ನಿನ್ನ ಕೈಬರಹದ ಒಂದು ಹಾಳೆ.

ಹತ್ತಿಯದು ಭಾರ, ಉಣ್ಣೆಯದು ಚುಚ್ಚುತ್ತದೆ, ಇದು ಬಾತುಕೋಳಿಯ ಎದೆಯ ತುಪ್ಪುಳ, ಹಗುರ ಮತ್ತು ಬೆಚ್ಚಗೆ, ಶಿಮ್ಲಾ ಪ್ರವಾಸದಲ್ಲಿ ನಾಲ್ಕು ಅಂಗಡಿ ತಿರುಗಿ ಆರಿಸಿದ್ದು ಎಂದು ಬರೆದಿದ್ದೀಯ. ನಾಲ್ಕು ಅಂಗಡಿ ತಿರುಗಿದವಳಿಗೆ ಇಲ್ಲಿಗೆ ಬರಲು ಶಿಕಾರಿಪುರದ ಬಸ್ಸು ಹತ್ತುವ ಪುರುಸೊತ್ತಾಗಲಿಲ್ಲ. ಇರಲಿ. ಆಮೇಲೆ ನಿನ್ನ ಸೂಚನೆಗಳು: ಗವಸು ಇಲ್ಲದೆ ಹೊದೆಯಬಾರದು, ಸುಡುಬಿಸಿಲಿಗೆ ಹಾಕಬಾರದು, ಹಿಂಡಬಾರದು, ಒಗೆದರೆ ಎರಡು ಟೆನಿಸ್ ಚೆಂಡಿನ ಜೊತೆ ಒಣಗಿಸುವ ಯಂತ್ರಕ್ಕೆ ಹಾಕಬೇಕು. ನಮ್ಮ ಮನೆಯ ಒಣಗಿಸುವ ಯಂತ್ರವೆಂದರೆ ಹಿತ್ತಲ ತಂತಿ. ತಂತಿಯ ಮೇಲೆ ಚೆಂಡನ್ನು ಎಲ್ಲಿ ಇಡಲಿ, ನೀನೇ ಹೇಳು.

ಮೊದಲ ದಿನವೇ ಅವ್ವನ ತಕರಾರು ಶುರು. “ಇದೇನೇ ವರದಾ, ಮೈಮೇಲೆ ಏನೂ ಇಲ್ಲದಂಗೈತಿ. ಹೊದಿಯಾದು ಅಂದ್ರೆ ಒಂದೀಟು ಭಾರ ಇರಬೇಕು.” ಹಾಗಂದರೂ ಮನೆಗೆ ಬಂದವರಿಗೆಲ್ಲ ಮುಟ್ಟಿಸಿ, “ನಮ್ಮ ಸಣ್ಣಾಕಿ ಕಳಿಸ್ಯಾಳೆ” ಎಂದು ಹೇಳಿಕೊಂಡಳು. ದಿನಾ ಸ್ನಾನ ಮಾಡಿಸುವ ದೊಡ್ಡಾಕೆಯ ಹೆಸರು ಆ ಬಾಯಲ್ಲಿ ಬರಲಿಲ್ಲ. ಹೌದು, ಇದನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

ಹತ್ತು ದಿನ ಕಳೆದಿತ್ತೋ ಇಲ್ಲವೋ, ಅವ್ವ ಅದರಲ್ಲಿ ಒದ್ದೆ ಮಾಡಿಕೊಂಡಳು. ಈಚೆಗೆ ಹಾಗಾಗುತ್ತಿದೆ. ನಿನಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡು ಬೇಡಿದ್ದಳು, ಇಷ್ಟು ದಿನ ಹೇಳಿರಲಿಲ್ಲ. ಒಗೆಯದೆ ಇಡುವುದಕ್ಕಾಗುತ್ತದೆಯೇ? ಒಗೆದೆ. ಮೂರು ದಿನ ತಂತಿಯ ಮೇಲಿದ್ದರೂ ಒಳಗೆ ಹಸಿ ಆರಲಿಲ್ಲ. ತುಪ್ಪುಳವೆಲ್ಲ ಗಂಟುಗಂಟಾಗಿ ಮೂಲೆ ಸೇರಿತು, ಕೋಳಿಗೂಡಿನ ವಾಸನೆ ಬೇರೆ.

ಆಗ ನಿನ್ನ ಭಾವನ ತಲೆ ಓಡಿತು. ನಮ್ಮಲ್ಲಿ ಗಾದಿ ಗಂಟು ಕಟ್ಟಿದರೆ ಏನು ಮಾಡುತ್ತೇವೆ? ಶಿರಾಳಕೊಪ್ಪದ ಚನ್ನೇಶನ ಹಾಸಿಗೆ ಅಂಗಡಿಗೆ ಒಯ್ದು, ಹೊಲಿಗೆ ಬಿಚ್ಚಿಸಿ, ಹತ್ತಿ ಹಿಂಜಿಸಿ, ಕಡಿಮೆ ಬಿದ್ದಷ್ಟು ಸೇರಿಸಿ ಮತ್ತೆ ತುಂಬಿಸಿಕೊಂಡು ಬರುತ್ತೇವೆ. ಇದಕ್ಕೂ ಅದೇ ಮದ್ದು ಎಂದು ಇವರು ರಜಾಯಿಯನ್ನು ಬೈಕಿಗೆ ಕಟ್ಟಿದರು. “ಹಂಗಾರೆ ಎರಡು ಕೇಜಿ ಹತ್ತಿನೂ ಹಾಕಿಸ್ಕಂಡು ಬರ್ರಿ, ಭಾರ ಆಗ್ಲಿ” ಎಂದು ಅವ್ವ ಒಳಗಿನಿಂದ ಹೇಳಿದಳು. ಬೇಡ ಅನ್ನಬೇಕಿದ್ದ ನನಗೂ ಅದು ಸರಿಯೆಂದೇ ಕಂಡಿತು.

ಅವತ್ತು ಸಂತೆ. ಚನ್ನೇಶ ಒಂದು ಹಿಡಿ ತೆಗೆದು ನೋಡಿ, “ಇದು ಹತ್ತಿ ಅಲ್ರೀ ಶಿವರಾಮಣ್ಣ” ಎಂದನಂತೆ. “ಏನಾದ್ರೇನು, ಗಂಟು ಬಿಡಿಸಿ ಕೊಡು ಮಾರಾಯ” ಎಂದರಂತೆ ಇವರು. ಹಿಂಜುವ ಯಂತ್ರ ಶುರುವಾಗಿದ್ದೇ ತಡ, ತುಪ್ಪುಳ ಅಂಗಡಿ ತುಂಬಿ, ಬೀದಿಗೆ ಬಂದು, ಎದುರಿನ ಬಜ್ಜಿಯ ಬಾಣಲೆಗೂ ಬಿದ್ದು, ಬಸ್ಸಿಗೆ ಕಾದು ನಿಂತವರೆಲ್ಲ ಸೀನತೊಡಗಿದರಂತೆ. ಇವರು ಬಜ್ಜಿಯವಳಿಂದ ಬೈಸಿಕೊಂಡು, ಕೈಗೆ ಸಿಕ್ಕಷ್ಟನ್ನು ಗೊಬ್ಬರದ ಚೀಲಕ್ಕೆ ತುಂಬಿಕೊಂಡು, ಮೀಸೆಯವರೆಗೂ ಬೆಳ್ಳಗಾಗಿ ಮನೆಗೆ ಬಂದರು. ನನಗೆ ನಗು ಬರಲಿಲ್ಲ. ಅವ್ವ ಮಾತ್ರ ಎಷ್ಟೋ ದಿನದ ಮೇಲೆ ಕೆಮ್ಮು ಬರುವಷ್ಟು ನಕ್ಕಳು.

ಉಳಿದ ತುಪ್ಪುಳದಲ್ಲಿ ಅವ್ವನ ಮೊಣಕಾಲಿನ ಕೆಳಗಿಡಲು ಎರಡು ದಿಂಬು ಹೊಲಿದಿದ್ದೇನೆ. ಹೊದೆಯಲು ಹಳೇ ಸೀರೆಯ ಕೌದಿಯೇ. ಒದ್ದೆಯಾದರೆ ಒಗೆಯಬಹುದು, ಒಂದು ಬಿಸಿಲಿಗೆ ಒಣಗುತ್ತದೆ, ಅದಕ್ಕೆ ಹಾಳೆ ತುಂಬ ಸೂಚನೆ ಬೇಕಾಗಿಲ್ಲ. ದಯವಿಟ್ಟು ಇನ್ನೊಂದು ರಜಾಯಿ ಕಳಿಸಬೇಡ. ನನ್ನ ಸೊಂಟ ಹಿಡಿದಿದೆ ಶ್ರೀಲತಾ. ಅವ್ವನನ್ನು ಎತ್ತಿ ಕೂರಿಸಲು ಒಬ್ಬಳಿಂದ ಆಗುತ್ತಿಲ್ಲ, ಆಗುತ್ತಿಲ್ಲ ಎಂದು ಅವಳೆದುರು ಹೇಳಲೂ ಆಗುತ್ತಿಲ್ಲ. ಶಿವರಾತ್ರಿಯೊಳಗೆ ಬಂದು ಕರೆದುಕೊಂಡು ಹೋಗು.

ಪ್ರದೀಪ್ ಅವರಿಗೆ ನಮ್ಮ ನಮಸ್ಕಾರ ತಿಳಿಸು. ದಿವ್ಯ ಚೆನ್ನಾಗಿ ಓದಲಿ. ಇಷ್ಟೆಲ್ಲ ಬೈದರೂ ನಿನಗೆ ಒಳ್ಳೆಯದೇ ಆಗಲೆಂದು ಹರಸುತ್ತೇನೆ, ಅಕ್ಕನಾಗಿ ಹುಟ್ಟಿದ ಮೇಲೆ ಬೇರೆ ದಾರಿಯಿಲ್ಲ.

ನಿನ್ನ ಅಕ್ಕ,
ವರದಮ್ಮ

ಮರೆತ ಮಾತಲ್ಲ, ಬರೆಯಬಾರದೆಂದುಕೊಂಡಿದ್ದೆ. ರಜಾಯಿಯ ಕಟ್ಟು ಬಿಚ್ಚಿದ ದಿನ ಅವ್ವ ಅದನ್ನು ಸವರುತ್ತ ಕೇಳಿದಳು: “ಹೊದಿಯಾದು ಇಲ್ಲಿಗೇ ಕಳಿಸ್ಯಾಳೆ ಅಂದ್ರೆ, ಇನ್ನ ನನ್ನ ಕರಿಯಂಗಿಲ್ಲ ಅಂತ ಅಲ್ಲೇನೇ?” ಹಾಗಲ್ಲವ್ವ, ನಿನಗೆ ಚಳಿಯಾಗಬಾರದು ಅಂತ ಕಳಿಸಿದ್ದಾಳೆ ಎಂದೆ. ಅವಳು ನಂಬಿದಂತೆ ತಲೆಯಾಡಿಸಿದಳು. ನನಗೇ ನಂಬಲಾಗಲಿಲ್ಲ.