ಖಾಲಿ ಕಾವು

ರಾಯಚೂರು
ಫೆಬ್ರವರಿ ಮೂವತ್ತು, ಕ್ರಿ.ಶ. ೨೪೭೧

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಬೆಚ್ಚಗೆ ಕೂತಿರುವ ಗಣ್ಯರೇ, ನನ್ನ ಮುಂದೆ ಕೂತಿರುವ ಹಿಂದಿನ ಕಾಲದವರೇ, ಹಿಂದೆ ನಿಂತು ಇದು ಯಾವಾಗ ಮುಗಿಯುತ್ತದೋ ಎಂದು ಗಡಿಯಾರ ನೋಡುತ್ತಿರುವ ಮುಂದಿನ ಕಾಲದವರೇ, ಎಲ್ಲರಿಗೂ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಚಳಿಗಾಲ ಇಪ್ಪತ್ತೆಂಟು ದಿನಗಳಲ್ಲಿ ಹಿಡಿಸಲಿಲ್ಲವಾದ್ದರಿಂದ ಹಿರಿಯರು ಫೆಬ್ರವರಿಗೆ ಎರಡು ದಿನ ಸೇರಿಸಿದರು. ಮಾರ್ಚ್ ತಿಂಗಳಿನ ಕಡೆಯಿಂದ ಯಾರೂ ತಕರಾರು ಮಾಡಲಿಲ್ಲ. ಸಭೆಯಲ್ಲಿ ಓದಲೆಂದು ಬರೆದ ಈ ಪತ್ರದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದಾವು, ಅದಕ್ಕೂ ಕ್ಷಮೆಯಿರಲಿ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಪಡೆದವನು. ಗೊತ್ತಿಲ್ಲದ ವಸ್ತುವಿಗೆ ಒಂದು ಹೆಸರು ಕಟ್ಟಿ, ಆ ಹೆಸರಿಗೆ ಪ್ರಾಸ ಕೂಡಿತೆಂದರೆ ವಸ್ತುವೇ ಅರ್ಥವಾಯಿತೆಂದು ತಿಳಿಯುವ ಅಭ್ಯಾಸ ನನಗುಂಟು.

ನಮ್ಮ ರಾಯಚೂರು ಈಗ ಹಿಮದ ಊರು. ನಗಬೇಡಿ. ನಿಮ್ಮ ಕಾಲದಲ್ಲಿ ಇಲ್ಲಿ ಮಧ್ಯಾಹ್ನ ರಸ್ತೆಗಿಳಿದವನನ್ನು ತಡೆದು ‘ಏನಾದರೂ ಆಪತ್ತೇ?’ ಎಂದು ವಿಚಾರಿಸುತ್ತಿದ್ದರೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಈಗ ಕೃಷ್ಣೆ ವರ್ಷದ ಬಹುಭಾಗ ಹೆಪ್ಪುಗಟ್ಟಿ ಮಲಗಿರುತ್ತಾಳೆ. ಕೋಟೆಯ ಬೆಟ್ಟದ ಮೇಲಿಂದ ಕೆಳಗಿನ ಕೆರೆಯವರೆಗೆ ಹಿಮದ ಇಳಿಜಾರಿದೆ, ಊರಿನ ಮಕ್ಕಳೆಲ್ಲ ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಅಲ್ಲಿ ಜಾರುತ್ತಾರೆ. ಹವಾಮಾನ ಹೀಗೇಕಾಯಿತೆಂದು ವಿದ್ವಾಂಸರು ಏಳೆಂಟು ಕಾರಣ ಕೊಟ್ಟಿದ್ದಾರೆ. ಒಂದು ಕಾರಣದಿಂದಲೂ ಯಾರಿಗೂ ಬೆಚ್ಚಗಾಗಲಿಲ್ಲ.

ಬೆಚ್ಚಗಾದದ್ದು ಕಾವಂಗಿಯಿಂದ. ಕಾವಂಗಿ ಎಂದರೆ ತನ್ನಷ್ಟಕ್ಕೆ ತಾನೇ ಬಿಸಿಯಾಗುವ ಅಂಗಿ. ಬೆನ್ನಿನಲ್ಲಿ, ಎದೆಯ ಎರಡೂ ಕಡೆ, ಕೊರಳಪಟ್ಟಿಯಲ್ಲಿ, ಬಟ್ಟೆಯ ಪದರಗಳ ನಡುವೆ ಸಣ್ಣ ತಂತಿಗಳನ್ನು ಹೊಲಿದಿರುತ್ತಾರೆ. ಒಳಕಿಸೆಯಲ್ಲಿ ಸೋಪಿನಷ್ಟು ದೊಡ್ಡ ಬ್ಯಾಟರಿ ಇರುತ್ತದೆ, ಅದನ್ನು ನಾವು ಕಿಸೆಕಿಡಿ ಎನ್ನುತ್ತೇವೆ. ಎದೆಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿದರೆ ಅದರೊಳಗೆ ದೀಪ ಹತ್ತುತ್ತದೆ. ಕೆಂಪೆಂದರೆ ಜೋರು, ಬಿಳಿಯೆಂದರೆ ಹದ, ನೀಲಿಯೆಂದರೆ ನೆಪಕ್ಕೆ. ಒಂದನೆಯ ತರಗತಿಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವ ಪದ್ಯವಿದು:

ಕೆಂಪು ಹತ್ತಿದರೆ ಇಳಿಜಾರು,
ಬಿಳಿಗೆ ಬಂದರೆ ಊರು ಸೇರು,
ನೀಲಿಯಾದರೆ ಬಿಸಿ ಸಾರು.

ಚಹಾದಂಗಡಿಗಳಲ್ಲಿ ಪ್ರತಿಯೊಂದು ಬೆಂಚಿನ ಕೆಳಗೆ ಒಂದು ಪ್ಲಗ್ಗು. ಮಂಡಾಳು ಒಗ್ಗರಣೆ, ಮಿರ್ಚಿ ಮುಗಿಯುವಷ್ಟರಲ್ಲಿ ಕಿಸೆಕಿಡಿ ತುಂಬಿರುತ್ತದೆ. ರೊಟ್ಟಿಯ ಗಂಟನ್ನು ಹೆಂಗಸರು ಕಾವಂಗಿಯ ಒಳಗೆ, ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಹೀಗಾಗಿ ಯಾರ ಬೆನ್ನು ಎಷ್ಟು ಬೆಚ್ಚಗಿದೆ ಎಂಬುದು ಊಟದ ಹೊತ್ತಿಗೆ ಎಲ್ಲರಿಗೂ ತಿಳಿಯುತ್ತದೆ. ದಾರಿಯಲ್ಲಿ ಎದುರಾದವರು ‘ಊಟ ಆಯ್ತೇನ್ರಿ?’ ಎಂದು ಕೇಳುವುದಿಲ್ಲ, ‘ಕಾವೈತೇನ್ರಿ?’ ಎನ್ನುತ್ತಾರೆ. ‘ಐತ್ರಿ, ನಿಮ್ಮ ದಯಾ’ ಎನ್ನಬೇಕು. ಇರಲಿ, ಇಲ್ಲದಿರಲಿ, ಹಾಗೆಯೇ ಅನ್ನಬೇಕು.

ಕಾವಂಗಿ ಬಂದು ಕೆಲವು ತಲೆಮಾರುಗಳಾದ ಮೇಲೆ ಒಂದು ಕೊರತೆ ಕಾಣಿಸಿಕೊಂಡಿತು. ಮಕ್ಕಳಿಗೆ ನಡುಗಲು ಬರುತ್ತಿರಲಿಲ್ಲ. ಬ್ಯಾಟರಿ ಮುಗಿದು ಹಿಮದಲ್ಲಿ ಸಿಕ್ಕಿಕೊಂಡ ಮಗು, ನಡುಗಿ ಮೈ ಬಿಸಿಮಾಡಿಕೊಳ್ಳುವುದು ಬಿಟ್ಟು, ಸತ್ತ ಗುಂಡಿಯನ್ನೇ ಒತ್ತುತ್ತ ನಿಂತುಬಿಡುತ್ತಿತ್ತು. ಆದ್ದರಿಂದ ಈಗ ಶಾಲೆಗಳಲ್ಲಿ ನಡುಕದ ತರಗತಿ ಇದೆ. ಮೇಷ್ಟ್ರು ಬೆತ್ತ ಹಿಡಿದು ‘ಹಲ್ಲಿಗೆ ಹಲ್ಲು ಕಟಕಟ, ಮೈಯಲಿ ನಡುಕ ಪಟಪಟ, ತಪ್ಪಿದರೆ ಬೆತ್ತ ಚಟಚಟ’ ಎಂದು ಹಾಡಿಸುತ್ತಾರೆ. ನಾನು ಆ ವಿಷಯದಲ್ಲಿ ನೂರಕ್ಕೆ ಮೂವತ್ತೈದು ತೆಗೆದು ಪಾಸಾದವನು. ಇದನ್ನು ಮುಂದಿನ ಸಂಗತಿಗಾಗಿ ಹೇಳಿದೆ.

ನಮ್ಮ ಇಳಿಜಾರಿನಲ್ಲಿ ಹೆಣ್ಣುಮಕ್ಕಳಿಗೆ ಜಾರುವುದನ್ನು ಕಲಿಸುತ್ತಿದ್ದವಳು ನನ್ನ ಅಕ್ಕ ನೀಲಾಂಬಿಕಾ. ಊರಿಗೆಲ್ಲ ಅವಳು ನೀಲಕ್ಕ. ಅಕ್ಕ, ತಮ್ಮ ಇಬ್ಬರೇ ಇದ್ದ ಮನೆ. ಅವಳು ಐವತ್ತು ದಾಟಿದ ಮೇಲೆ ಒಂದು ದಿನ ಹೊಸ ಕಾವಂಗಿ ಕೊಂಡು, ಉತ್ತರದ ದೊಡ್ಡ ಇಳಿಜಾರಿಗೆ ಹೋಗಿ ಜಾರುವುದನ್ನು ಕಲಿತುಬರುತ್ತೇನೆಂದು ಹೊರಟು ನಿಂತಳು. ಬೀದಿಯವರು ಬಾಗಿಲಿಗೆ ಬಂದು ನಕ್ಕರು. ‘ಈ ವಯಸ್ಸಿನ್ಯಾಗ ಜಾರಿ ಬಿದ್ರ ಎಲುಬು ಯಾರು ಕೂಡಸ್ತಾರಬೇ?’ ಎಂದು ಎದುರುಮನೆಯ ಬಸಲಿಂಗಣ್ಣ ಕೇಳಿದ. ‘ನಮ್ಮ ತಮ್ಮ ಅದಾನಲ್ಲ. ಪ್ರಾಸ ಕೂಡಸ್ದಂಗ ಎಲುಬೂ ಕೂಡಸ್ತಾನ’ ಎಂದು ಹೇಳಿ ಆಟೋ ಹತ್ತಿದಳು.

ಮರಳಿ ಬಂದವಳು ಎಲುಬುಗಳನ್ನೆಲ್ಲ ಸರಿಯಾಗಿ ತಂದಿದ್ದಳು. ಹುಡುಗಿಯರು ನೆನಪಿಟ್ಟುಕೊಳ್ಳಲು ಒಂದು ಪದ್ಯ ಬರೆದುಕೊಡು ಎಂದಳು. ‘ಮೊಣಕಾಲು ಬಾಗಲಿ, ಮೈ ಮುಂದೆ ಸಾಗಲಿ, ಬಂದದ್ದು ಆಗಲಿ’ ಎಂದು ಬರೆದುಕೊಟ್ಟೆ. ಓದಿ ಹಣೆ ಬಡಿದುಕೊಂಡಳು. ‘ಬಂದದ್ದು ಆಗಲಿ ಅಂದ್ರ ಏನಲೋ? ನಿಲ್ಲೂದು ಹ್ಯಾಂಗ ಅಂತ ಬರದೇ ಇಲ್ಲಲ್ಲ! ನಿನಗ ಪ್ರಾಸ ಕೂಡಿದ್ರ ಸಾಕು, ಹುಡುಗ್ಯಾರು ಹೋಗಿ ಗ್ವಾಡಿಗಿ ಬಡದ್ರೂ ನಡೀತೈತಿ.’ ನಿಲ್ಲುವುದರ ಬಗ್ಗೆ ನನಗೆ ಪ್ರಾಸ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವಳು ಏಳಲಿಲ್ಲ. ಒಂದು ಬೂಟು ಕಟ್ಟಿ ಆಗಿತ್ತು.

ನಮ್ಮ ಕಾಲದಲ್ಲಿ ಸಾವಿನ ಮನೆಯವರು ಅಳುವುದಿಲ್ಲ, ನಡುಗುತ್ತಾರೆ. ಮಣ್ಣು ಮುಗಿದ ಮೇಲೆ ಹತ್ತಿರದವರು ಅಂಗಳಕ್ಕೆ ಬಂದು ಕಾವಂಗಿ ಕಳಚಿ, ತೆಳ್ಳನೆಯ ಬಟ್ಟೆಯಲ್ಲಿ ನಿಲ್ಲಬೇಕು. ನಡುಕ ಬಂದ ಕೂಡಲೇ ನೆರೆಯವರು ಕಂಬಳಿ ಹೊದಿಸಿ ಒಳಗೆ ಕರೆದುಕೊಂಡು ಹೋಗುತ್ತಾರೆ. ದುಃಖವಾಯಿತು ಎಂದು ಅದರ ಅರ್ಥ. ನಾನೂ ಕಳಚಿ ನಿಂತೆ. ಹಿಮ ಬೀಳುತ್ತಿತ್ತು. ಹೆಗಲ ಮೇಲೆ ಕೂತದ್ದು ಕಂಡಿತು, ಕರಗಿದ್ದು ಕಂಡಿತು. ಅದು ತಣ್ಣಗಿರಬೇಕೆಂದು ತಿಳಿದಿತ್ತು, ಅಷ್ಟೇ. ಬೇರೆ ಯಾರದೋ ಹೆಗಲನ್ನು ಬೇರೆ ಯಾರೋ ನೋಡುತ್ತಿದ್ದ ಹಾಗಿತ್ತು. ಬಸಲಿಂಗಣ್ಣ ಕಂಬಳಿ ಹಿಡಿದು ಕಾದು ಕಾದು ಕೈ ಸೋತು, ಪಕ್ಕದವನ ಕಿವಿಯಲ್ಲಿ ‘ಇನ್ನಾ ನಡಗವಲ್ಲ ನೋಡೋ ಈ ಮನಶ್ಯಾ’ ಎಂದ. ನನಗೂ ಕೇಳಿಸಿತು. ಕಡೆಗೆ ಅವನಿಗೇ ನಡುಕ ಹತ್ತಿತು. ಆ ಕಂಬಳಿಯನ್ನು ಅವನಿಗೇ ಹೊದಿಸಿ ಎಲ್ಲರೂ ಮನೆಗೆ ಹೋದರು. ನಾನು ಒಳಗೆ ಬಂದು, ಅಕ್ಕ ಲೇಸು ಕಟ್ಟದೆ ಬಿಟ್ಟ ಬೂಟನ್ನು ಎತ್ತಿ ಅದರ ಜೋಡಿಯ ಪಕ್ಕಕ್ಕೆ ಇಟ್ಟೆ.

ಇನ್ನೊಂದು ಪದ್ಧತಿಯನ್ನು ಹೇಳಬೇಕು, ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಸತ್ತವರ ಕಾವಂಗಿಯನ್ನು ಹತ್ತಿರದವರು ತಮ್ಮ ಕೈಯಾರೆ ಗುಂಡಿ ಒತ್ತಿ ಆರಿಸಿ, ಮೊದಲ ಸಲ ದೊಡ್ಡ ಇಳಿಜಾರಿಗೆ ಹೊರಟವರಿಗೆ ಕೊಟ್ಟುಬಿಡಬೇಕು. ಒಳಗೆ ಮೈಯಿಲ್ಲದ ಅಂಗಿಯನ್ನು ಬಿಸಿಯಾಗಿಡುವುದಕ್ಕೆ ನಮ್ಮಲ್ಲಿ ಖಾಲಿ ಕಾವು ಎನ್ನುತ್ತಾರೆ. ಅದು ಅಪರಾಧವಲ್ಲ. ಅಪರಾಧವಾಗಿದ್ದರೆ ದಂಡ ಕಟ್ಟಿ ಮುಂದುವರಿಸಬಹುದಿತ್ತು. ಅದು ಬರೀ ನಾಚಿಕೆಗೇಡು.

ಅಕ್ಕನ ಅಂಗಿ ಯಾರಿಗೆ ಹೋಗಬೇಕೆಂಬುದರಲ್ಲಿ ಗೊಂದಲವೂ ಇಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ದುರುಗಮ್ಮನ ಮಗಳು ಹುಲಿಗೆಮ್ಮ ಅಕ್ಕನ ಶಿಷ್ಯೆ. ಬಿದ್ದಲ್ಲಿಂದ ಎಲ್ಲರಿಗಿಂತ ಬೇಗ ಏಳುವವಳು ಅವಳೇ ಎಂದು ಅಕ್ಕ ಹೇಳುತ್ತಿದ್ದಳು. ಬದುಕಿದ್ದಾಗಲೇ ನನ್ನೆದುರಿಗೆ ಮಾತು ಕೊಟ್ಟಿದ್ದಳು. ‘ಮುಂದಿನ ಸಲ ನೀ ಹೋಗಬೇಕು ನೋಡವಾ. ಈ ಅಂಗಿ ನಿಂದೇ ಅಂತ ತಿಳಕೋ. ನಾ ಊರಾಗ ಇಲ್ಲಂದ್ರ ಇವ ಕೊಡ್ತಾನ’ ಎಂದು ನನ್ನ ಕಡೆ ಗಲ್ಲ ತೋರಿಸಿದ್ದಳು. ಹುಲಿಗೆಮ್ಮನಿಗೆ ದೊಡ್ಡ ಇಳಿಜಾರಿನಲ್ಲಿ ಕಲಿಯಲು ಬಾ ಎಂದು ಉತ್ತರದಿಂದ ಕರೆ ಬಂದಿದೆ. ಅಲ್ಲಿಯ ಚಳಿಗೆ ತಕ್ಕ ಬೇರೆ ಕಾವಂಗಿ ಅವಳ ಬಳಿ ಇಲ್ಲ, ಅದಿಲ್ಲದೆ ಅಲ್ಲಿ ಇಳಿಜಾರಿಗೆ ಬಿಡುವುದಿಲ್ಲ.

ಮೊದಲ ಸಲ ಅವಳು ಬಂದಾಗ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ ಎಂದೆ. ಎರಡನೆಯ ಸಲ ಬಂದಾಗ ಜಿಪ್ಪು ಸಿಕ್ಕಿಕೊಂಡಿದೆ ಎಂದೆ.

‘ನಾ ತಗೀಲೇನ್ರಿ ಸರ? ಒಂದೀಟು ಮೇಣಬತ್ತಿ ತಿಕ್ಕಿದ್ರ ಬರ್ತೈತ್ರಿ.’

‘ಮನ್ಯಾಗ ಮೇಣಬತ್ತಿ ಇಲ್ಲವಾ.’

‘ಹಂಗಾದ್ರ ಕರೆಂಟ್ ಹೋದಾಗ ಏನು ಮಾಡ್ತೀರಿ?’

‘ಸುಮ್ಮನ ಕೂಡ್ತೀನಿ’ ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಗೋಡೆಯ ಮೇಲಿನ ಅಕ್ಕನ ಫೋಟೋವನ್ನೊಮ್ಮೆ ನೋಡಿ, ಮತ್ತೆ ಬರುತ್ತೇನೆಂದು ಹೋದಳು.

ಜಿಪ್ಪು ಸರಿಯಾಗಿಯೇ ಇದೆ. ನಾನು ಮಾಡುವುದಿಷ್ಟು: ದಿನಾ ಸಂಜೆ ಆ ಅಂಗಿಯನ್ನು ಅಕ್ಕನ ಕುರ್ಚಿಯ ಬೆನ್ನಿಗೆ ತೊಡಿಸಿ ಗುಂಡಿ ಒತ್ತುತ್ತೇನೆ. ಕೆಂಪು ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಅಂಗಿಯ ಬೆನ್ನು ಬೆಚ್ಚಗಾಗುತ್ತದೆ, ಈಗಷ್ಟೇ ಯಾರೋ ಎದ್ದು ನೀರು ಕುಡಿಯಲು ಒಳಗೆ ಹೋದ ಹಾಗೆ. ಎದುರಿಗೆ ಕೂತು ಊಟ ಮಾಡುತ್ತೇನೆ. ಮಾತಾಡಿಸುವುದಿಲ್ಲ, ಅಷ್ಟು ಕೆಟ್ಟಿಲ್ಲ. ಅಂಗೈಯನ್ನು ಬೆನ್ನ ಮೇಲಿಟ್ಟರೆ ಕಾವು ತಿಳಿಯುತ್ತದೆ. ಇಡೀ ದಿನದಲ್ಲಿ ನನಗೆ ತಿಳಿಯುವುದು ಅದೊಂದೇ. ತೋಳುಗಳಲ್ಲಿ ತಂತಿ ಇಲ್ಲ, ಅವು ತಣ್ಣಗೇ ಜೋತುಬಿದ್ದಿರುತ್ತವೆ. ಹೀಗಾಗಿ ತೋಳುಗಳನ್ನು ನಾನು ಮುಟ್ಟುವುದಿಲ್ಲ. ಊಟ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಮುಗಿಯುತ್ತ ಬರುತ್ತದೆ. ಅದು ತಾನಾಗಿ ಆರುತ್ತದೆ, ನಾನು ಆರಿಸಿಲ್ಲ. ಕೈಯಾರೆ ಆರಿಸಿದ್ದು ಒಂದು ದಿನವೂ ಇಲ್ಲ.

ಹಿಂದಿನ ಕಾಲದ ಮಹನೀಯರೇ, ನಿಮ್ಮಲ್ಲಿ ಒಂದೇ ವಿನಂತಿ. ನಿಮ್ಮಲ್ಲಿ ಯಾರಾದರೂ ಜಾಣರು ಈ ಅಂಗಿಯನ್ನು ತಯಾರಿಸುವಾಗ, ಒಳಗೊಂದು ಮೈ ಇದ್ದರೆ ಮಾತ್ರ ಗುಂಡಿ ಹತ್ತುವ ಹಾಗೆ ಮಾಡಿ. ಮೈ ಯಾವುದು, ಕುರ್ಚಿ ಯಾವುದು ಎಂದು ನೋಡದೆ ಕೇಳಿದವರಿಗೆಲ್ಲ ಕಾವು ಕೊಡುವಷ್ಟು ಉದಾರವಾದ ವಸ್ತು ಮನೆಯಲ್ಲಿರುವುದು ಒಳ್ಳೆಯದಲ್ಲ. ಅಷ್ಟು ಮಾಡಿದರೆ ಮುಂದೆ ನಮ್ಮಂಥವರು ಬೇಗ ತಣ್ಣಗಾಗಿ, ಬೇಗ ನಡುಗಿ, ಬೇಗ ಕಂಬಳಿ ಹೊದ್ದು ಒಳಗೆ ಹೋಗುತ್ತಾರೆ. ಬಾಗಿಲಿಗೆ ಬಂದ ಹುಡುಗಿಯೂ ಮೂರು ಮೂರು ಸಲ ತಿರುಗುವುದು ತಪ್ಪುತ್ತದೆ. ಈ ಕುರಿತು ಸಭೆಯು ಒಂದು ಠರಾವು ಪಾಸು ಮಾಡಬೇಕೆಂದು

ಸಾಕು. ಯಾವ ಸಭೆಯೂ ಇಲ್ಲ. ಇದು ಜನವರಿ ತಿಂಗಳ ರಾಯಚೂರು, ಹೊರಗೆ ಬಿಸಿಲಿದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಇಲ್ಲಿಯ ಅಂಗಡಿಯಲ್ಲಿ ಸ್ವೆಟರ್ ಕೇಳಿದರೆ ಜ್ವರವೇ ಎಂದು ಕೇಳುತ್ತಾರೆ. ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಉತ್ತರದ ಹಿಮಬೆಟ್ಟದ ಮೇಲಿನ ಔಲಿಗೆ ಹೋಗಿ ಸ್ಕೀಯಿಂಗ್ ಕಲಿತುಬಂದದ್ದು ನಿಜ, ಬಂದು ಊರ ಹೊರಗಿನ ಮರಳುಗುಡ್ಡೆಯ ಮೇಲೆ ಹುಡುಗಿಯರಿಗೆ ಕಲಿಸಿದ್ದು ನಿಜ. ಬೂಟು ನಿಜ, ಅಲ್ಲಿಗೆಂದು ಕೊಂಡ ಬಿಸಿಯಾಗುವ ಅಂಗಿಯೂ ನಿಜ. ನಾನು ಅಳಲಿಲ್ಲ, ಬಸಲಿಂಗಣ್ಣ ಅತ್ತ. ಬರೆಯುವಾಗ ಯಾರ ಹೆಸರನ್ನೂ ಬದಲಾಯಿಸಲು ನನ್ನಿಂದ ಆಗಲಿಲ್ಲ.

ಹುಲಿಗೆಮ್ಮ ಹೊರಗಿನ ಕೋಣೆಯಲ್ಲಿ ಕೂತಿದ್ದಾಳೆ. ಇವತ್ತು ಅವಳ ರೈಲು. ಅಂಗಿ ಹುಡುಕಿ ತರುತ್ತೇನೆಂದು ಒಳಗೆ ಬಂದವನು ಬಾಗಿಲು ಮುಂದೆ ಮಾಡಿಕೊಂಡು ಇದನ್ನು ಬರೆಯುತ್ತ ಕೂತೆ. ಅಂಗಿ ಎದುರಿನ ಕುರ್ಚಿಯ ಮೇಲೇ ಇದೆ. ಹಗಲಿನಲ್ಲೇ ಕೆಂಪು ಹತ್ತಿದೆ.

‘ಸರ, ಸಿಕ್ತೇನ್ರಿ? ಟೇಶನ್ನಿಗಿ ಹೋಗೂದೈತ್ರಿ.’

‘ಸಿಕ್ತವಾ’ ಎಂದು ಕೂಗಿದೆ.

ಗುಂಡಿ ಒತ್ತಿ ಹಿಡಿದೆ. ದೀಪ ಆರಿತು. ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಅಷ್ಟರೊಳಗೆ ಕೊಟ್ಟುಬಿಡುತ್ತೇನೆ.