ಮೇಲ್ಸೇತುವೆ ಇರುವುದು ನನ್ನ ತಂಗಿಯ ಬಾಯಲ್ಲಿ

ನಮ್ಮ ಬಡಾವಣೆಯ ಠಾಣಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂಗಿಯನ್ನು ಅವಳ ಗಂಡ ಯಾವ ಮೇಲ್ಸೇತುವೆಯ ಬಳಿಯೂ ಹೊಡೆಯಲಿಲ್ಲ. ಅವರದೇ ಮನೆಯ ಬಚ್ಚಲಿನಲ್ಲಿ, ಕೂದಲು ಹಿಡಿದು, ಕೈತೊಳೆಯುವ ಬೇಸಿನ್ನಿನ ಅಂಚಿಗೆ ಅವಳ ಮುಖವನ್ನು ಅಪ್ಪಳಿಸಿದ. ಒಮ್ಮೆ ಸಾಲದೆಂದು ಮತ್ತೊಮ್ಮೆ. ಆ ಮನೆ ನಿಮ್ಮ ಠಾಣೆಯ ಹಿಂದಿನ ಬೀದಿಯಲ್ಲಿದೆ. ನಿಮ್ಮ ಕಿಟಕಿ ತೆರೆದರೆ ಅವರ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಕಾಣುತ್ತದೆ. ಆದರೂ ಅವಳ ದೂರನ್ನು ನೀವು ಊರಾಚೆಯ ಠಾಣೆಗೆ ಸಾಗಹಾಕಿದ್ದೀರಿ. ಘಟನೆ ನಡೆದದ್ದು ಮೇಲ್ಸೇತುವೆಯಲ್ಲಂತೆ, ಮೇಲ್ಸೇತುವೆ ನಿಮ್ಮ ಸರಹದ್ದಿಗೆ ಬರುವುದಿಲ್ಲವಂತೆ.

ಈ ಮೇಲ್ಸೇತುವೆಯನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು ಎಂದು ಒಪ್ಪಿಕೊಳ್ಳುತ್ತೇನೆ. ಆ ಬೆಳಿಗ್ಗೆ ತಂಗಿಯ ಬಾಯಿ ಊದಿ ಮಾತು ಹೊರಡುತ್ತಿರಲಿಲ್ಲ. ಬಾಯಿಗೆ ಒತ್ತಿ ಹಿಡಿದಿದ್ದ ಟವೆಲ್ಲಿನಿಂದ ರಕ್ತ ನಿಮ್ಮ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮೇಜಿನ ಹಿಂದಿದ್ದ ಪೇದೆ ಕೆಟ್ಟವರಲ್ಲ. ರಾತ್ರಿ ಪಾಳಿ ಮುಗಿಸಿದ ಕಣ್ಣು. ಆದರೂ ಎದ್ದು ಅವಳಿಗೆ ಕುರ್ಚಿ ಕೊಟ್ಟರು.

"ಏನಾಯ್ತಮ್ಮ?"

"ಇವಳ ಗಂಡ ಹೊಡೆದು ಬ್ರಿಡ್ಜ್ ಮುರಿದುಹಾಕಿದಾನೆ ಸಾರ್."

"ಬ್ರಿಡ್ಜ್ ಮುರಿದ್ನಾ? ಒಬ್ಬನೇನಾ?"

"ಹೌದು ಸಾರ್, ಒಬ್ಬನೇ."

"ಯಾವ ಬ್ರಿಡ್ಜು?"

"ಮೇಲಿಂದು. ಎಡಗಡೆ."

ಅವರು ತಲೆಯಾಡಿಸಿ ಬರೆದುಕೊಂಡರು. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕೈಬರಹದ ಕನ್ನಡ ಓದಲು ನನಗೆ ಹೊತ್ತು ಹಿಡಿಯುತ್ತದೆ. ತಂಗಿ ಕುರ್ಚಿಯಲ್ಲೇ ವಾಲುತ್ತಿದ್ದಳು, ಸಹಿ ಹಾಕಿಸಿ ಕರೆದೊಯ್ದೆ. ಮನೆಯಲ್ಲಿ ದೂರಿನ ಪ್ರತಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಾಗ ಕಂಡದ್ದು: "ಎಡಬದಿಯ ಮೇಲ್ಸೇತುವೆಗೆ ಹಾನಿ ಮಾಡಿ, ಸದರಿ ಸ್ಥಳದಲ್ಲಿ ಹೆಂಡತಿಯ ಮೇಲೆ ಹಲ್ಲೆ." ಹಲ್ಲಿಗೂ ಹಲ್ಲೆಗೂ ನಡುವೆ ಇರುವುದು ಒಂದು ಸ್ವರ. ಅದೊಂದನ್ನು ದಾಟಲು ನಿಮ್ಮ ಇಲಾಖೆಗೆ ಮೇಲ್ಸೇತುವೆಯೇ ಬೇಕಾಯಿತು.

ತಪ್ಪು ನನ್ನ ನಾಲಿಗೆಯದೋ ಅವರ ಕಿವಿಯದೋ, ಅದನ್ನು ಬಿಡೋಣ. ತಿದ್ದಿಸಲು ನಾನು ಮರುದಿನವೇ ನಿಮ್ಮ ಕೋಣೆಗೆ ಬಂದೆ. ನೀವು ಹೇಳಿದ್ದು ನೆನಪಿದೆಯೇ? "ಒಂದು ಹಲ್ಲು ತಾನೇನಮ್ಮ? ಅದೂ ಕಟ್ಟಿಸಿದ್ದು. ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು. ಕಾಗದ ಆ ಠಾಣೆಗೆ ಹೋಗಾಗಿದೆ, ಅಲ್ಲೇ ವಿಚಾರಿಸಿ." ಕಟ್ಟಿಸಿದ ಹಲ್ಲು! ನನಗೆ ಬೇಕಾಗಿದ್ದ ಕನ್ನಡ ಮಾತು ಕೊನೆಗೂ ನಿಮ್ಮ ಬಾಯಿಂದಲೇ ಸಿಕ್ಕಿತು. ಎಂದರೆ ಮುರಿದದ್ದು ಹಲ್ಲು ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಪೇದೆ ತಪ್ಪು ಕೇಳಿಸಿಕೊಂಡರು. ನೀವು ಸರಿಯಾಗಿ ಕೇಳಿಸಿಕೊಂಡು ಸುಮ್ಮನಿದ್ದಿರಿ. ಊರಾಚೆಯ ಠಾಣೆಯವರಾದರೋ ಪ್ರಾಮಾಣಿಕರು. ಮೇಲ್ಸೇತುವೆಯನ್ನು ಎರಡೂ ಬದಿಯಿಂದ ಪರಿಶೀಲಿಸಿ, ಯಾವ ಹಾನಿಯೂ ಕಂಡುಬಂದಿಲ್ಲವೆಂದು ಬರೆದಿದ್ದಾರೆ.

"ಒಂದು ಹಲ್ಲು ತಾನೇ" ಎಂದಿರಲ್ಲ, ಅದರ ಲೆಕ್ಕ ಕೇಳಿ. ಹೋದ ವರ್ಷ ಅವನ ಗುದ್ದಿಗೆ ಕೋರೆಹಲ್ಲಿನ ಹಿಂದಿನ ಹಲ್ಲು ಬೇರುಸಹಿತ ಕಿತ್ತುಬಂತು. ಬಚ್ಚಲಲ್ಲಿ ಜಾರಿದೆ ಎಂದು ತಂಗಿ ಡಾಕ್ಟರಿಗೆ ಹೇಳಿದಳು, ಪಕ್ಕದಲ್ಲಿ ಅವನು ಕೂತಿದ್ದನಲ್ಲ. ಖಾಲಿ ಜಾಗ ತುಂಬಲು ಡಾಕ್ಟರಮ್ಮ ಅದರ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ತೇಯ್ದು ಸಣ್ಣ ಮೋಟುಗಳನ್ನಾಗಿ ಮಾಡಿದರು. ಹುಳುಕಿಲ್ಲದ, ನೋವಿಲ್ಲದ, ಯಾವ ತಪ್ಪೂ ಮಾಡದ ಹಲ್ಲುಗಳು. ಅವುಗಳಿಗೆ ಎರಡು ಟೋಪಿ, ನಡುವೆ ತೂಗುವ ಒಂದು ಹುಸಿಹಲ್ಲು. ಮೂರೂ ಸೇರಿ ಒಂದೇ ತುಂಡು, ಡಾಕ್ಟರುಗಳ ಮಾತಿನಲ್ಲಿ ಬ್ರಿಡ್ಜ್. ಅದನ್ನು ಮೋಟುಗಳ ಮೇಲೆ ಅಂಟಿಸಿದರು. ಹುಸಿಹಲ್ಲಿಗೆ ಬೇರಿಲ್ಲ, ಅದು ಅಗಿಯುವ ಭಾರವನ್ನೆಲ್ಲ ಹೊರುವುದು ಅಕ್ಕಪಕ್ಕದವು. ಒಮ್ಮೆ ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಜೀವನವಿಡೀ ಟೋಪಿ ಬೇಕು. ಅಂದರೆ, ಮಾನ್ಯರೇ, ಒಂದು ಗುದ್ದಿಗೆ ಮೂರು ಹಲ್ಲು.

ನೋಡಿಕೊಳ್ಳುವ ಬಗೆಯನ್ನೂ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿಕೊಟ್ಟರು. ಮೂರೂ ಒಂದಕ್ಕೊಂದು ಅಂಟಿರುವುದರಿಂದ ಹಲ್ಲು ಶುಚಿಮಾಡುವ ದಾರವನ್ನು ಎಂದಿನಂತೆ ಸಂದಿಯೊಳಗೆ ತೂರಿಸಲಾಗದು. ತುದಿ ಗಟ್ಟಿ ಇರುವ ದಾರವನ್ನು ಪಕ್ಕದಿಂದ ಪೋಣಿಸಿ, ಹುಸಿಹಲ್ಲಿಗೂ ವಸಡಿಗೂ ನಡುವೆ ಆಚೀಚೆ ಎಳೆಯಬೇಕು. ದಿನಾ. ಅಲ್ಲಿ ಅನ್ನದ ಅಗುಳು ಕೂತರೆ ವಸಡು ಕೊಳೆಯುತ್ತದೆ. ಅಂಟು ಬಿಟ್ಟರೆ ಟೋಪಿಯೊಳಗಿನ ಮೋಟು ಸದ್ದಿಲ್ಲದೆ ಹುಳುಕಾಗುತ್ತದೆ. ಆದ್ದರಿಂದ ನೋವಿಲ್ಲದಿದ್ದರೂ ಆಗಾಗ ತೋರಿಸಬೇಕು. ಐಸ್ ಕಡಿಯಬಾರದು, ಹಲ್ಲಿನಿಂದ ಬಾಟಲಿ ಮುಚ್ಚಳ ತೆಗೆಯಬಾರದು. ಕಳಚಿದರೆ ಮನೆಯ ಗೋಂದಿನಿಂದ ಅಂಟಿಸದೆ ಎತ್ತಿಕೊಂಡು ಬರಬೇಕು. ಎಲ್ಲ ಕೇಳಿದ ಮೇಲೆ ಅವಳ ಗಂಡ ಕೇಳಿದ್ದು ಒಂದೇ: "ಎಷ್ಟು ಗಟ್ಟಿ ಇರತ್ತೆ ಡಾಕ್ಟ್ರೇ?" "ಊಟಕ್ಕೆ ಬೇಕಾದಷ್ಟು" ಎಂದರಂತೆ ಅವರು.

ತಂಗಿ ದಾರ ಎಳೆಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುವವಳು ಅವಳು. ನೀವೂ ಆ ದನಿ ಕೇಳಿಯೇ ಬಸ್ಸು ಹತ್ತಿರುತ್ತೀರಿ. ಬೇಸಿನ್ನಿನ ಅಂಚಿಗೆ ಬಡಿದಾಗ ಆ ಮೂರು ಹಲ್ಲಿನ ತುಂಡು ಎರಡಾಗಿ ಅವಳ ಅಂಗೈಗೆ ಬಿತ್ತು, ಜೊತೆಗೆ ಒಂದು ಮೋಟೂ ಮುರಿದು ಬಂತು. ಆ ಜಾಗಕ್ಕೆ ಇನ್ನು ಸೇತುವೆ ಕಟ್ಟಲು ಒಂದು ಬದಿಯ ಕಂಬವೇ ಇಲ್ಲ. ಈಗ ಅವಳ ಮಾತಿನಲ್ಲಿ ಗಾಳಿ ಸೋರುತ್ತದೆ. ಮೈಕಿನ ಮುಂದೆ ಇನ್ನೊಬ್ಬಳು ಕೂತಿದ್ದಾಳೆ.

ನಿಮ್ಮ ಕಾಗದ ಮೇಲ್ಸೇತುವೆಯ ಆಚೀಚೆ ಓಡಾಡುತ್ತಿದ್ದಾಗ ಅವನು, ತಂಗಿ ಉಳಿದುಕೊಂಡಿದ್ದ ನನ್ನ ಮನೆಗೆ ಬಂದ. ನಾನು ಇಸ್ತ್ರಿ ಮಾಡುತ್ತಿದ್ದೆ. ಒದ್ದ ಏಟಿಗೆ ಚಿಲಕ ಬಾಗಿತು. ಸಂದಿಯಿಂದ ಕೈ ತೂರಿಸಿ ಬಾಗಿಲ ಹಿಂದೆ ನಿಂತಿದ್ದ ತಂಗಿಯ ಜಡೆ ಹಿಡಿದ. "ಬಾರೇ ಹೊರಗೆ, ಉಳಿದಿದ್ದನ್ನೂ ಉದುರಿಸ್ತೀನಿ!" ನನ್ನನ್ನು ಕಂಡು ದನಿ ತಗ್ಗಿಸಿದ. "ಅಕ್ಕಾ, ನೀವು ಓದಿದೋರು. ಇದು ಗಂಡ ಹೆಂಡ್ತಿ ವಿಷ್ಯ, ನೀವು ಒಳಗೆ ಹೋಗಿ." ಅವಳ ತಲೆ ಬಾಗಿಲಿಗೆ ಬಡಿಯಿತು. ನಾನು ಇಸ್ತ್ರಿಪೆಟ್ಟಿಗೆಯನ್ನು ಅವನ ಕೈಯ ಮೇಲಿಟ್ಟು, ಬಾಗಿಲಿಗೆ ಸೇರಿಸಿ ಒತ್ತಿದೆ. ಅವನು ಕಿರುಚಿದ, ಜಡೆ ಬಿಟ್ಟ. ಜಡೆ ಬಿಟ್ಟ ಮೇಲೂ ನಾನು ಪೆಟ್ಟಿಗೆ ಎತ್ತಲಿಲ್ಲ. ಸುಟ್ಟ ಚರ್ಮದ ವಾಸನೆ ಬಂದಾಗ ನನಗೆ ಅಸಹ್ಯವಾಗಲಿಲ್ಲ, ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾನು ಇಂದಿಗೂ ಹೆದರುತ್ತೇನೆ. ಇನ್ನೊಬ್ಬರ ಭಾರ ಹೊರಲು ತೇಯಿಸಿಕೊಂಡ ಹಲ್ಲು ಹೀಗೂ ಚೂಪಾಗುತ್ತದೆಯೇ?

ಅವನ ಕೈ ಸುಟ್ಟ ದೂರು ಅಂದೇ ನಿಮ್ಮ ಠಾಣೆಯಲ್ಲಿ ದಾಖಲಾಯಿತು. ಮನೆಯ ಸಂಖ್ಯೆ ಸರಿ, ಬೀದಿ ಸರಿ, ನನ್ನ ವಯಸ್ಸೂ ಸರಿ. ಇಸ್ತ್ರಿಪೆಟ್ಟಿಗೆಯನ್ನು ಯಾರೂ ಇನ್ನೇನೋ ಎಂದು ಬರೆದುಕೊಳ್ಳಲಿಲ್ಲ. ಆ ದೂರಿಗೆ ನಾನು ಉತ್ತರ ಕೊಡುತ್ತೇನೆ, ಓಡಿಹೋಗುವುದಿಲ್ಲ. ಆದರೆ ಕೈಗೆ ಇರುವ ಸರಹದ್ದು ಬಾಯಿಗೆ ಏಕಿಲ್ಲ?

ನನ್ನ ಬೇಡಿಕೆ ಇಷ್ಟು. ಆ ಮೇಲ್ಸೇತುವೆಯನ್ನು ಕೆಡವಿ, ಅದರ ಜಾಗದಲ್ಲಿ "ಬಾಯಿ" ಎಂದು ಬರೆಯಿರಿ. ದೂರನ್ನು ವಾಪಸು ತರಿಸಿಕೊಳ್ಳಿ, ಅವನನ್ನು ಹಿಡಿಯಿರಿ. ಸ್ಥಳ ಮಹಜರು ಆಗಲೇಬೇಕೆಂದರೆ ನೀವೇ ಬನ್ನಿ. ಘಟನಾ ಸ್ಥಳ ನನ್ನ ಮನೆಯಲ್ಲೇ ಕೂತಿದೆ. ಒಂದು ಟಾರ್ಚು, ಒಂದು ಪುಟ್ಟ ಕನ್ನಡಿ ತಂದರೆ ಸಾಕು, ಅವಳು ಬಾಯಿ ತೆರೆಯುತ್ತಾಳೆ. ತಡಮಾಡಬೇಡಿ. ಅವನ ಒಂದು ಕೈಗೆ ಮಾತ್ರ ಬ್ಯಾಂಡೇಜು ಇದೆ. ಇನ್ನೊಂದು ಕೈ ಚೆನ್ನಾಗಿದೆ.

ಇಂತಿ,
ಬಿದ್ದ ಹಲ್ಲಿನ "ಅಕ್ಕಪಕ್ಕ"ದಲ್ಲಿ, ಪಕ್ಕದವರಾದ ನೀವು ಕಿಟಕಿ ಮುಚ್ಚಿಕೊಂಡ ಮೇಲೆ ಉಳಿದಿರುವ
ಅಕ್ಕ