ಮೊಲ ತಪ್ಪುವುದಿಲ್ಲ

ಅಕ್ಟೋಬರ್ ೫, ೧೯೩೬. ಸೋಮವಾರ

ಬೆಳಿಗ್ಗೆ ದವಾಖಾನೆಯ ಮೊಲದ ಗೂಡು ತೊಳೆದೆ. ಬಿಳಿ ಹೆಣ್ಣು ಮೊಲವನ್ನು ತುಸು ಹೊತ್ತು ಗಂಡಿನ ಗೂಡಿಗೆ ಬಿಟ್ಟೆ. ಪರೀಕ್ಷೆಗೆಂದು ತಿಂಗಳಿಂದ ಒಂಟಿ ಇಟ್ಟದ್ದು ಅದೊಂದೇ. ಬಿಡಬಾರದೆಂದು ಡಾಕ್ಟರ್ ಹೇಳಿದ್ದರು. ಕೈತುಂಬ ಸಾಬೂನು... ಗಂಡು ಹತ್ತಿಬಿಟ್ಟಿತು. ಎಳೆದು ತೆಗೆದೆ. ಯಾರೂ ನೋಡಲಿಲ್ಲ.

ಹನ್ನೊಂದಕ್ಕೆ ದಾಸನಕೊಪ್ಪದ ಮಾದೇವ ಬಂದ. ಸತ್ತ ಅಣ್ಣನ ಹೆಂಡತಿ ನಾಗಿಯನ್ನು ಕರೆತಂದಿದ್ದ, ಅವಳ ಮೂತ್ರದ ಶೀಶೆಯನ್ನೂ. ಅವಳ ಸೆರಗು ಹಿಡಿದು ನಾಲ್ಕು ವರ್ಷದ ಮಗಳು.

"ಅಣ್ಣ ತೀರ್ಕೊಂಡು ವರ್ಷಾತ್ರಿ. ಈಕಿ ಎರಡ್ ತಿಂಗಳಿಂದ ಹೊರಗ ಕುಂತಿಲ್ಲ. ಬಸುರಿದ್ರ ಮನಿ ಬಿಡಬೇಕು. ಕೂಸು ನಮ್ಮಲ್ಲೇ ಇರತೈತಿ."

ಡಾಕ್ಟರ್ ಅವಳ ತೋಳು ಹಿಡಿದು ನೋಡಿದರು. ಮೂಳೆ. "ಹೊಟ್ಟೆಗೆ ಎಂತ ಹಾಕ್ತೀರಿ ಇವಳಿಗೆ? ತಲೆಯ ಬುಡದ ಗ್ರಂಥಿ ಒಂದು ರಸ ಇಳಿಸಿ ಹುಕುಂ ಕೊಟ್ರೆ ಅಂಡಕೋಶ ತನ್ನ ರಸ ಮಾಡ್ತದೆ. ಉಪವಾಸ ಬಿದ್ರೆ ಹುಕುಂ ಇಲ್ಲ, ಮುಟ್ಟೂ ಇಲ್ಲ."

"ಅದೆಲ್ಲ ನಮಗ ತಿಳೀದ್ರಿ. ಐತೋ ಇಲ್ಲೋ ಹೇಳ್ರಿ."

"ಬಸುರಿಯ ಮೂತ್ರದಲ್ಲೂ ಅಂಥದೇ ಹುಕುಂ ಇರ್ತದೆ. ಮೊಲಕ್ಕೆ ಚುಚ್ಚಿದ್ರೆ ಅದರ ಅಂಡಕೋಶ ಹೇಳ್ತದೆ."

ನಾಗಿ ನಕ್ಕಳು. "ಮೊಲಾನ ಕೇಳ್ರಿ ಹಂಗಾರ. ಮನಷ್ಯಾರಂತೂ ನನ್ನ ಕೇಳಲಿಲ್ಲ."

ಬಿಳಿ ಹೆಣ್ಣಿನ ಕಿವಿಗೆ ಸೂಜಿ ಚುಚ್ಚಿದರು. ಹಿಡಿದುಕೊಂಡವಳು ನಾನೇ. ಬೆಳಗಿನದನ್ನು ಹೇಳಲು ಬಾಯಿ ಬರಲಿಲ್ಲ.

ಅಕ್ಟೋಬರ್ ೭

ಮೊಲ ಕೊಯ್ದರು. ಅಂಡಕೋಶದ ಮೇಲೆ ಕೆಂಪು ಚುಕ್ಕೆ — ಐದು. ಬಸುರಿ ಎಂದು ಚೀಟಿ ಬರೆದರು. ಮಾದೇವನಿಗೆ ಓದಲು ಬಾರದು. ನನ್ನಿಂದಲೇ ಓದಿಸಿದ. ಎರಡು ಸಲ. ಎರಡು ಸಲವೂ ಸ್ಪಷ್ಟವಾಗಿ ಓದಿದೆ.

ಅಕ್ಟೋಬರ್ ೮. ಸಂಜೆ

ಹೇಳಿಬಿಟ್ಟೆ. ಡಾಕ್ಟರ್ ಕನ್ನಡಕ ತೆಗೆದರು.

"ಗಂಡು ಹತ್ತಿದ್ರೆ ಮೊಲದ ತಲೆಯೇ ಹುಕುಂ ಕಳಿಸ್ತದೆ ಮಾರಾಯ್ತಿ. ಚುಕ್ಕೆ ಅದೇ. ಹುಕುಂ ಯಾರದೆಂದು ಅಂಡಕೋಶಕ್ಕೆ ಎಂತ ಗೊತ್ತು?"

"ಹಾಗಾದ್ರೆ ನಾಗಿ..."

"ಬೇರೆ ಯಾರ ಹತ್ರ ಹೇಳಿದ್ದೀ ಮೈಮೂನಾ?"

"ಯಾರಿಗೂ ಇಲ್ಲ."

"ಹಾಗೇ ಇರು. ಬಸುರಿಯೇ ಆಗಿರಬಹುದು."

ಹೊಸ ಮೊಲ ತರಿಸಲು ಹೇಳಿದರು. ಹೊಸ ಶೀಶೆ ತರಿಸಲು ಹೇಳಲಿಲ್ಲ.

ನವೆಂಬರ್ ೨

ಮಾದೇವ ಮತ್ತೆ ಬಂದ. ಪಂಚರು ಸೇರುವ ತನಕ ನಾಗಿಯನ್ನು ತವರಿಗೆ ಅಟ್ಟಿದ್ದರಂತೆ. ಮೊನ್ನೆ ಅಲ್ಲಿ ಹೊರಗೆ ಕೂತಳಂತೆ. ಎದೆ ಹಗುರಾಯಿತು. ಅವ್ವನ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದಾಳೆ, ಮುಟ್ಟಾಗಿದೆ, ಇನ್ನು ಚೀಟಿ ಸುಳ್ಳೆಂದು ಎಲ್ಲರಿಗೂ —

"ಬಸಿರು ಇಳಿಸ್ಕೊಂಡಾಳ್ರಿ ರಂಡೆ! ಬಸುರಿ ಅಂತ ನೀವ ಬರದೀರಿ. ಈಗ ರಕ್ತ ಬಂದೈತಿ. ಪಂಚರು ಕೇಳ್ಯಾರ, ಮೊಲ ತಪ್ಪತೈತೇನ್ರಿ?"

ಡಾಕ್ಟರ್ ನನ್ನ ಕಡೆ ನೋಡಲಿಲ್ಲ. "ಮೊಲ ತಪ್ಪೂದಿಲ್ಲ."

ನಾನು ನೆಲ ಒರೆಸುತ್ತಿದ್ದೆ. ಒರೆಸಿದೆ.

ನವೆಂಬರ್ ೬. ಮಧ್ಯಾಹ್ನ

ಹಿತ್ತಿಲ ಬಾಗಿಲಿಗೆ ನಾಗಿ. ಶಿರಸಿಯ ನಮ್ಮ ದವಾಖಾನೆಗೆ ನಡೆದೇ ಬಂದಿದ್ದಾಳೆ. ತವರಿನವರೂ ಹೊರಗೆ ಹಾಕಿದರಂತೆ. ಮಾದೇವ ಮಗಳ ಮುಖ ತೋರಿಸುತ್ತಿಲ್ಲ.

"ತಂಗೀ, ನೀ ಓದಿದಾಕಿ. ಖರೇ ಹೇಳು. ಮೊಲದಾಗ ಏನ್ ಕಂಡಿತ್ತು?"

"ಕೆಂಪು ಚುಕ್ಕೆ," ಎಂದೆ. ಸುಳ್ಳಲ್ಲವಲ್ಲ.

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಹಂಗಾರ ಇತ್ತೇನ... ನಿದ್ದ್ಯಾಗ ಯಾರರ ಬಂದಿದ್ರೇನ? ನನಗ ತಿಳೀಲಿಲ್ಲೇನ ತಂಗೀ?"

ಇನ್ನೂ ಅಲ್ಲೇ ಕೂತಿದ್ದಾಳೆ. ಒಳಗಿನಿಂದ ಡಾಕ್ಟರ್ ಕರೆಯುತ್ತಿದ್ದಾರೆ. ಮೊದಲು ಅವಳ ಹತ್ತಿರ ಹೋಗಿ ಗಂಡು ಮೊಲದ ಸಂಗತಿ ಹೇಳಬೇಕು.